ಮರುಭೂಮಿಯ ಚಳಿಗಾಲ: ಸ್ವೆಟರ್, ಸಂಜೆಗತ್ತಲು, ಕರಿಬೇವು

ಈ ಸಲದ ಪತ್ರಗಳಲ್ಲಿ ನಾಲ್ಕು ಒಂದೇ ಸೀಮೆಗೆ ಸೇರಿದವು: ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್, ಅದರ ಮಗ್ಗುಲಿನ ಚಾಂಡ್ಲರ್, ಗಿಲ್ಬರ್ಟ್. ಸೊನೊರನ್ ಮರುಭೂಮಿಯಲ್ಲಿರುವ ಈ ಊರುಗಳಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಹಾಗಾಗಿ ನಾಲ್ಕಕ್ಕೂ ಒಟ್ಟಿಗೇ ಉತ್ತರ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಮಗಳ ಮನೆಗೆ ಫೀನಿಕ್ಸ್‌ಗೆ ಹೊರಟಿದ್ದೇವೆ. ಮರುಭೂಮಿ, ಚಳಿ ಎಲ್ಲಿಂದ ಬರಬೇಕು ಅಂತಾರೆ ನೆಂಟರು. ಮಗಳು ಸ್ವೆಟರ್ ಮರೀಬೇಡಿ ಅಂತಾಳೆ. ಯಾರ ಮಾತು ಕೇಳುವುದು? (ಮೈಸೂರಿನ ದಂಪತಿ)

ಉತ್ತರ: ಮಧ್ಯಾಹ್ನ ನೆಂಟರದ್ದು, ಉಳಿದ ಹೊತ್ತು ಮಗಳದ್ದು. ಡಿಸೆಂಬರ್‌ನಲ್ಲಿ ಅಲ್ಲಿನ ಸರಾಸರಿ ಗರಿಷ್ಠ ಉಷ್ಣಾಂಶ ಸುಮಾರು 19 ಡಿಗ್ರಿ ಸೆಲ್ಸಿಯಸ್, ಕನಿಷ್ಠ 7-8. ಹಗಲು ಕಾದ ನೆಲ ರಾತ್ರಿ ಶಾಖ ಬಿಡುತ್ತದೆ. ಗಾಳಿಯಲ್ಲಿ ನೀರಾವಿ, ಮೇಲೆ ಮೋಡ ಇದ್ದರೆ ಅದರಲ್ಲಿ ಒಂದಷ್ಟು ವಾಪಸು ಬರುತ್ತದೆ. ಅಲ್ಲಿ ಎರಡೂ ಕಮ್ಮಿ, ಶಾಖ ನೇರ ಆಕಾಶಕ್ಕೆ ಹೋಗುತ್ತದೆ. ಮೋಡ ಮುಚ್ಚಿದ ರಾತ್ರಿ ಅಲ್ಲೂ ಬೆಚ್ಚಗೇ ಇರುತ್ತದೆ; ಹುಷಾರಾಗಿರಬೇಕಾದ್ದು ನಕ್ಷತ್ರ ಫಳಫಳ ಹೊಳೆಯುವ, ಗಾಳಿಯಾಡದ ರಾತ್ರಿ. 1913ರ ಜನವರಿ 7ರಂದು ಅಲ್ಲಿ ಸೊನ್ನೆಗಿಂತ 9 ಡಿಗ್ರಿ ಕೆಳಗಿಳಿದದ್ದೇ ಇವತ್ತಿಗೂ ದಾಖಲೆ.

ದಪ್ಪ ಕೋಟು ಒಂದಕ್ಕಿಂತ ತೆಳು ಪದರಗಳು ಮೂರು ಇರಲಿ: ತುಂಬುತೋಳಿನ ಹತ್ತಿಬಟ್ಟೆ, ಅದರ ಮೇಲೆ ಉಣ್ಣೆ ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ಜಾಕೆಟ್. ಬೆಳಗ್ಗೆ ಒಂದೊಂದೇ ಕಳಚುತ್ತಾ, ಸಂಜೆ ಒಂದೊಂದೇ ಏರಿಸುತ್ತಾ ಹೋಗಬಹುದು. ದಿನದ ಅತಿ ತಣ್ಣನೆಯ ಹೊತ್ತು ಸೂರ್ಯೋದಯದ ಆಸುಪಾಸು. ಆರು ಗಂಟೆಯ ವಾಕಿಂಗ್ ಅಭ್ಯಾಸವನ್ನು ಒಂಬತ್ತಕ್ಕೆ ಸರಿಸಿಕೊಳ್ಳಿ. ಸಂಜೆ ನಾಲ್ಕಕ್ಕೆ ಹೊರಟರೆ, ಬಿಸಿಲಿದೆ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ. ಐದೂವರೆಯ ಹೊತ್ತಿಗೆ ಸೂರ್ಯ ಇರುವುದಿಲ್ಲ.

ಗ್ರ್ಯಾಂಡ್ ಕ್ಯಾನ್ಯನ್ ನೋಡುವ ಯೋಜನೆ ಇದ್ದರೆ ಮಾತ್ರ ನಿಜವಾದ ಚಳಿಗಾಲದ ಕೋಟು, ಕುಲಾವಿ, ಕೈಗವಸು, ಜಾರದ ಬೂಟು ಬೇಕು. ಅದರ ದಕ್ಷಿಣದ ಅಂಚು ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಕಾಲುದಾರಿಯಲ್ಲಿ ಹಿಮ ಗಟ್ಟಿಯಾಗಿ ಗಾಜಿನಂತಾಗಿರುತ್ತದೆ.

ಇನ್ನೊಂದು ಮಾತು. ಹಸಿ ಕರಿಬೇವನ್ನು ಪೆಟ್ಟಿಗೆಯಲ್ಲಿ ಒಯ್ಯಬೇಡಿ. ನಿಂಬೆ-ಕಿತ್ತಳೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ, ಆದ್ದರಿಂದ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಪ್ರಶ್ನೆ: ಡಿಸೆಂಬರ್ 21 ಅತಿ ಚಿಕ್ಕ ಹಗಲು ಅಂತ ಶಾಲೆಯಲ್ಲಿ ಕಲಿತದ್ದು. ಆದರೆ ಇಲ್ಲಿ ಸಂಜೆ ಅದಕ್ಕೂ ಮೊದಲೇ ಉದ್ದವಾಗತೊಡಗುತ್ತದೆ, ಬೆಳಗು ಮಾತ್ರ ಜನವರಿಯಲ್ಲೂ ತಡವಾಗುತ್ತಲೇ ಇರುತ್ತದೆ. ಕಲಿತದ್ದು ತಪ್ಪೇ? (ಚಾಂಡ್ಲರ್‌ನ ಓದುಗರು)

ಉತ್ತರ: ಕಲಿತದ್ದು ಸರಿ, ನೀವು ಗಮನಿಸಿದ್ದೂ ಸರಿ. ಹಗಲಿನ ಉದ್ದ ಬೇರೆ, ಹಗಲಿನ ನಡುಬಿಂದು ಬೇರೆ. ಫೀನಿಕ್ಸ್‌ನಲ್ಲಿ ಡಿಸೆಂಬರ್ 21ರ ಹಗಲು ಸುಮಾರು 9 ಗಂಟೆ 56 ನಿಮಿಷ. ಸೂರ್ಯ ಆ ದಿನ ಅತಿ ಎತ್ತರಕ್ಕೇರುವುದು ಗಡಿಯಾರದ 12 ಗಂಟೆ 26 ನಿಮಿಷಕ್ಕೆ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ 4 ಗಂಟೆ 58 ನಿಮಿಷ ಎಣಿಸಿದರೆ ಸೂರ್ಯೋದಯ 7.28, ಸೂರ್ಯಾಸ್ತ 5.24.

ಈ 12.26 ನಿಂತಲ್ಲಿ ನಿಲ್ಲುವುದಿಲ್ಲ. ಡಿಸೆಂಬರ್ 3ರ ಸುಮಾರಿಗೆ ಅದು 12.18, ಜನವರಿ 5ಕ್ಕೆ 12.33. ಭೂಮಿ ಜನವರಿಯ ಮೊದಲಲ್ಲಿ ಸೂರ್ಯನಿಗೆ ಹತ್ತಿರವಿದ್ದು ಬೇಗ ಓಡುತ್ತದೆ, ಜೊತೆಗೆ ಅಕ್ಷದ ಓರೆಯೂ ಸೇರಿ ಒಂದು ನಡುಹಗಲಿನಿಂದ ಮುಂದಿನದಕ್ಕೆ 24 ಗಂಟೆಯ ಮೇಲೆ ಹತ್ತಿರಹತ್ತಿರ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ. ಹಗಲಿನ ಉದ್ದ ಹೆಚ್ಚುಕಮ್ಮಿ ಅಷ್ಟೇ ಇದ್ದರೂ ಇಡೀ ಹಗಲೇ ಗಡಿಯಾರದ ಮೇಲೆ ಮುಂದಕ್ಕೆ ಜಾರುತ್ತದೆ. ಅದಕ್ಕೇ ಅತಿ ಬೇಗನೆಯ ಸೂರ್ಯಾಸ್ತ ಡಿಸೆಂಬರ್ ಮೊದಲಲ್ಲಿ, 5.20ಕ್ಕೆ, ಅತಿ ತಡದ ಸೂರ್ಯೋದಯ ಜನವರಿ ಎರಡನೇ ವಾರದ ಹೊತ್ತಿಗೆ, 7.33ಕ್ಕೆ. ಬೆಂಗಳೂರಿನಲ್ಲಿ ಈ ಎರಡರ ನಡುವಿನ ಅಂತರ ಇನ್ನೂ ಹೆಚ್ಚು: ಅತಿ ಬೇಗ ಹೊತ್ತು ಮುಳುಗುವುದು ನವೆಂಬರ್‌ನಲ್ಲಿ. ಸಮಭಾಜಕಕ್ಕೆ ಹತ್ತಿರವಾದಷ್ಟೂ ಹೀಗೆ.

ಊರಿಗೆ ಫೋನ್ ಮಾಡುವ ಲೆಕ್ಕ ಮಾತ್ರ ಸುಲಭ. ಅರಿಜೋನಾ 1968ರಲ್ಲೇ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದನ್ನು ಕೈಬಿಟ್ಟಿತು (ಮೂಲನಿವಾಸಿ ನವಾಹೊ ಜನರ ಪ್ರದೇಶ ಬಿಟ್ಟು). ವರ್ಷವಿಡೀ ಭಾರತ ಹನ್ನೆರಡೂವರೆ ಗಂಟೆ ಮುಂದೆ; ಅಲ್ಲಿ ರಾತ್ರಿ ಎಂಟು ಅಂದರೆ ಇಲ್ಲಿ ಮಾರನೆಯ ಬೆಳಗ್ಗೆ ಎಂಟೂವರೆ.

ಪ್ರಶ್ನೆ: ಬೇಸಿಗೆಯ 45 ಡಿಗ್ರಿ ತಡೆದುಕೊಂಡ ಕರಿಬೇವು ಡಿಸೆಂಬರ್‌ನಲ್ಲಿ ಎಲೆ ಉದುರಿಸುತ್ತಿದೆ. ನೀರು, ಗೊಬ್ಬರ ಎರಡೂ ಹೆಚ್ಚಿಸಿದೆ. ಇನ್ನಷ್ಟು ಉದುರಿತು. (ಗಿಲ್ಬರ್ಟ್‌ನ ಗೃಹಿಣಿ)

ಉತ್ತರ: ಮೊದಲು ಆ ಎರಡನ್ನೂ ನಿಲ್ಲಿಸಿ. ರಾತ್ರಿ ಹತ್ತು ಡಿಗ್ರಿಯೊಳಗೆ ಇಳಿಯತೊಡಗಿದರೆ ಕರಿಬೇವು ನಿದ್ದೆಗೆ ಹೋಗುತ್ತದೆ. ಎಲೆ ಹಳದಿಯಾಗಿ ಬೀಳುವುದು ಸಹಜ. ನಿದ್ದೆಯಲ್ಲಿರುವ ಬೇರು ನೀರೆಳೆಯುವುದಿಲ್ಲ, ತಣ್ಣನೆಯ ಕೆಸರಲ್ಲಿ ಕೊಳೆಯುತ್ತದೆ. ಬೆರಳನ್ನು ಎರಡಿಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಹಾಕುವಾಗ ಕುಂಡದ ತೂತಿನಿಂದ ಇಳಿಯುವಷ್ಟು ಹಾಕಿ. ಅಲ್ಲಿನ ನೀರು ಗಡಸು, ಚೂರುಚೂರೇ ಹಾಕಿದರೆ ಉಪ್ಪು ಮಣ್ಣಲ್ಲೇ ಉಳಿಯುತ್ತದೆ. ಗೊಬ್ಬರ ಮಾರ್ಚ್‌ವರೆಗೆ ಬೇಡ: ಅದರಿಂದ ಬರುವ ಎಳೆ ಚಿಗುರೇ ಚಳಿಗೆ ಮೊದಲು ಬಲಿ.

ಕುಂಡ ಎಲ್ಲಿದೆ ನೋಡಿ. ಡಿಸೆಂಬರ್‌ನಲ್ಲಿ ನಡುಹಗಲಲ್ಲೂ ಸೂರ್ಯ ದಿಗಂತದಿಂದ 33 ಡಿಗ್ರಿ ಮಾತ್ರ ಮೇಲಿರುತ್ತಾನೆ, ಜೂನ್‌ನಲ್ಲಿ 80. ಹಿತ್ತಲಿನ ದಕ್ಷಿಣಕ್ಕೆ ಆರಡಿ ಕಾಂಪೌಂಡು ಗೋಡೆಯಿದ್ದರೆ ಜೂನ್ ಮಧ್ಯಾಹ್ನ ಅದರ ನೆರಳು ಒಂದಡಿ, ಡಿಸೆಂಬರ್‌ನಲ್ಲಿ ಒಂಬತ್ತಡಿ. ಬೇಸಿಗೆಯಲ್ಲಿ ಬಿಸಿಲಲ್ಲಿದ್ದ ಕುಂಡ ಈಗ ದಿನವಿಡೀ ನೆರಳಲ್ಲಿರಬಹುದು. ಮನೆಯ ದಕ್ಷಿಣ ಮುಖದ ಗೋಡೆಗೆ ಒತ್ತಿ ಇಡಿ. ಹಗಲು ಕಾದ ಗೋಡೆ ರಾತ್ರಿ ಶಾಖ ಬಿಡುತ್ತದೆ, ಮೇಲೆ ಸೂರಿನ ಚಾಚು ಇದ್ದರೆ ಇನ್ನೂ ಒಳ್ಳೆಯದು.

ಹವಾಮಾನ ವರದಿ 2-3 ಡಿಗ್ರಿ ಅಂದ ರಾತ್ರಿಯೂ ಎಲೆ ಸುಡಬಹುದು. ತೆರೆದ ಆಕಾಶದ ಕೆಳಗಿನ ಎಲೆ ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತದೆ. ವರದಿಯ ಅಂಕಿ ವಿಮಾನ ನಿಲ್ದಾಣದ್ದು ಬೇರೆ. ಕಾಂಕ್ರೀಟು ಕಮ್ಮಿಯಿರುವ ಹೊರವಲಯ ಅದಕ್ಕಿಂತ ಕೆಲವು ಡಿಗ್ರಿ ಕೆಳಗಿರುತ್ತದೆ. ಅಂಥ ರಾತ್ರಿ ಫ್ರಾಸ್ಟ್ ಕ್ಲಾತ್ (ಚಳಿ ತಡೆಯಲು ಗಿಡಕ್ಕೆ ಹೊದಿಸುವ ಬಟ್ಟೆ) ಅಥವಾ ಹಳೇ ಹತ್ತಿ ದುಪ್ಪಟಿ ಹೊದಿಸಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಗಿಡದ ತಲೆಗೆ ಬಟ್ಟೆ ಸುತ್ತಿ ಕಾಂಡಕ್ಕೆ ದಾರ ಬಿಗಿಯುತ್ತಾರೆ. ಗಿಡಕ್ಕೆ ಸ್ವಂತ ಮೈಶಾಖವಿಲ್ಲ, ಅದು ಬೆಚ್ಚಗಾಗಬೇಕಾದ್ದು ನೆಲದಿಂದ. ಬಟ್ಟೆ ಗುಡಾರದ ಹಾಗೆ ನೆಲ ಮುಟ್ಟಬೇಕು, ಅಂಚಿಗೆ ಕಲ್ಲು ಹೇರಬೇಕು. ಸುತ್ತಲಿನ ನೆಲ ಹಿಂದಿನ ಮಧ್ಯಾಹ್ನ ಒದ್ದೆ ಮಾಡಿದರೆ ಒಣಮಣ್ಣಿಗಿಂತ ಹೆಚ್ಚು ಶಾಖ ಹಿಡಿದಿಡುತ್ತದೆ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ತಾಗಿದಲ್ಲೇ ಕಪ್ಪಾಗುತ್ತದೆ. ಒಳಗೆ ದೀಪದ ಸರ ಬಿಡುವುದಾದರೆ ಹಳೇ ಬಿಸಿಬಲ್ಬಿನದು, ಬಟ್ಟೆಗೆ ತಾಗದ ಹಾಗೆ. ಎಲ್‌ಇಡಿ ಅಂದಕ್ಕೆ ಮಾತ್ರ. ಬಿಸಿಲೇರಿದ ಮೇಲೆ ಹೊದಿಕೆ ತೆಗೆಯಿರಿ.

ಕಪ್ಪಾದ ಕೊಂಬೆಯನ್ನು ಕೂಡಲೇ ಕತ್ತರಿಸಬೇಡಿ. ನೋಡಲು ಅಸಹ್ಯ, ನಿಜ, ಆದರೆ ಕೆಳಗಿನ ಜೀವಂತ ಭಾಗಕ್ಕೆ ಅದೇ ಮರೆ. ಮಾರ್ಚ್‌ನಲ್ಲಿ ಉಗುರಿನಿಂದ ತೊಗಟೆ ಕೆರೆದು ನೋಡಿ, ಹಸಿರು ಕಂಡಲ್ಲಿಯವರೆಗೆ ಉಳಿಸಿ, ಮೇಲಿನದು ಕತ್ತರಿಸಿ.

ಪ್ರಶ್ನೆ: ದೋಸೆ ಹಿಟ್ಟು ಒಂದೂವರೆ ದಿನ ಇಟ್ಟರೂ ಉಬ್ಬುತ್ತಿಲ್ಲ. (ಫೀನಿಕ್ಸ್)

ಉತ್ತರ: ಹಿಟ್ಟಿಗೆ ಸುಮಾರು 28-30 ಡಿಗ್ರಿ ಬೇಕು, ಚಳಿಗಾಲದಲ್ಲಿ ನಿಮ್ಮ ಅಡುಗೆಮನೆ 20ರ ಸುಮಾರಿನಲ್ಲಿರುತ್ತದೆ. ಕೊಬ್ಬರಿ ಎಣ್ಣೆ ಬಾಟಲಿ ನೋಡಿ: ಅದು ಗಟ್ಟಿಯಾಗಿದ್ದರೆ ಹಿಟ್ಟಿಗೂ ಚಳಿಯೇ. ರುಬ್ಬುವಾಗ ಉಗುರುಬೆಚ್ಚಗಿನ ನೀರು ಬಳಸಿ. ಪಾತ್ರೆಯನ್ನು ಅರ್ಧ ಮಾತ್ರ ತುಂಬಿ, ತಟ್ಟೆ ಮುಚ್ಚಿ (ಒಣ ಗಾಳಿಗೆ ಮೇಲೆ ಪದರ ಕಟ್ಟುತ್ತದೆ), ಓವನ್ ಹಚ್ಚದೆ ಅದರ ಒಳದೀಪ ಮಾತ್ರ ಉರಿಸಿ ಹನ್ನೆರಡು ಗಂಟೆ ಇಡಿ. ಈ ದೀಪವೂ ಎಲ್‌ಇಡಿಯಾದರೆ ಕುದಿನೀರಿನ ಪಾತ್ರೆ ಪಕ್ಕದಲ್ಲಿಟ್ಟು ನಾಲ್ಕೈದು ಗಂಟೆಗೊಮ್ಮೆ ಬದಲಿಸಿ. ಓವನ್ ಬಾಗಿಲಿಗೆ "ಒಳಗೆ ಹಿಟ್ಟಿದೆ" ಅಂತ ಚೀಟಿ ಅಂಟಿಸಿ. ಯಾರಾದರೂ ಪಿಜ್ಜಾಕ್ಕೆಂದು ಓವನ್ ಹಚ್ಚಿಬಿಟ್ಟರೆ ಪಾತ್ರೆ ಸಮೇತ ಬೇಯುತ್ತದೆ.