ತುಂಗಭದ್ರಾ ಡ್ಯಾಂ ಗೇಟ್ ಕೆಲಸ ಎಲ್ಲಿಗೆ ಬಂತು ಅಂತ ಕೇಳಿದ್ರಲ್ಲ, ಸಿರುಗುಪ್ಪದ ಕಡೆಯಿಂದ ಹೇಳ್ತೀನಿ

ಡ್ಯಾಂ ಇರೋದು ಹೊಸಪೇಟೆ ಹತ್ತಿರ, ನೀವಿರೋದು ಆಂಧ್ರದ ಗಡಿಯಲ್ಲಿ, ಗೇಟ್ ಬದಲಾಯಿಸೋ ಸುದ್ದಿ ನಿಮಗ್ಯಾಕೆ ಅಷ್ಟು ಅಂತ ಕೇಳಿದಿರಿ. ಬೆಂಗಳೂರಿನವರು ಬೆಳಿಗ್ಗೆ ಎದ್ದು ಚಿನ್ನದ ರೇಟು ನೋಡಿದ ಹಾಗೆ ನಾವು ಡ್ಯಾಂ ಲೆವೆಲ್ ನೋಡುತ್ತೇವೆ. ಇವತ್ತು ಎಷ್ಟು ಅಡಿ, ಒಳಹರಿವು ಎಷ್ಟು ಕ್ಯುಸೆಕ್, ಕಾಲುವೆಗೆ ಎಷ್ಟು ಬಿಟ್ಟರು. 1633 ಅಡಿ ಅಂದರೆ ಭರ್ತಿ ಅಂತ ಇಲ್ಲಿ ಹೈಸ್ಕೂಲ್ ಹುಡುಗರಿಗೂ ಗೊತ್ತು.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಚೈನ್ ಲಿಂಕ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆ ಬೆಳಿಗ್ಗೆ ನಮ್ಮ ಹೊಲದಲ್ಲಿ ನಾಟಿ ಇತ್ತು. ಆಳು ಹೇಳಿಯಾಗಿತ್ತು. ಸಸಿ ಕಿತ್ತು ಕಟ್ಟು ಕಟ್ಟಿ ಬದುವಿನ ಮೇಲೆ ಇಟ್ಟಾಗಿತ್ತು. ಐದು ಗಂಟೆಗೇ ಫೋನ್ ಮೇಲೆ ಫೋನ್. ಉಳಿದ ಗೇಟ್‌ಗಳ ಮೇಲೆ ಒತ್ತಡ ಬೀಳಬಾರದು ಅಂತ 33 ಗೇಟೂ ಎತ್ತಿದ್ದಾರೆ, ತುಂಬಿದ ಡ್ಯಾಂ ಖಾಲಿ ಮಾಡ್ತಾರಂತೆ ಅಂತ. ಕಿತ್ತ ಸಸಿ ಎಷ್ಟು ಹೊತ್ತು ಇಡೋಕಾಗುತ್ತೆ? ಹಚ್ಚಿದರೆ ಗೊಬ್ಬರದ ದುಡ್ಡು ಹೋಗುತ್ತೆ, ಹಚ್ಚದಿದ್ದರೆ ಸಸಿಯೇ ಹೋಗುತ್ತೆ. ಬಂದ ಹೆಣ್ಣಾಳುಗಳು ಬದುವಿನ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದರು. ಅಮ್ಮ ಹೇಳಿದಳು, "ಹಚ್ಚು ಸುಮ್ನೆ, ನೀರು ಬಂದ್ರೆ ಬಂತು." ಹಚ್ಚಿದೆವು. ಒಂದು ವಾರದೊಳಗೆ ಡ್ಯಾಂ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿತು. ಆಮೇಲೆ ಮಳೆಯೂ ಕೈ ಹಿಡಿಯಿತು, ಬೆಳೆ ಬಂತು.

ಆದರೆ ಸ್ಟಾಪ್ ಲಾಗ್ ಅನ್ನೋದು ಗೇಟ್ ಅಲ್ಲ, ಕಿಂಡಿಗೆ ಅಡ್ಡ ಇಟ್ಟ ಉಕ್ಕಿನ ಹಲಗೆ ಅಷ್ಟೆ. ಹೋದದ್ದು ಒಂದಾದರೂ ಉಳಿದ 32 ಕೂಡ ಅದೇ ಕಾಲದವು. 1945ರಲ್ಲಿ ಅಡಿಗಲ್ಲು ಹಾಕಿ, 1953ಕ್ಕೆ ನೀರು ನಿಂತ ಡ್ಯಾಂ ಇದು. ಕಲ್ಲು ಗಾರೆಯ ಗೋಡೆ ಇನ್ನೂ ಗಟ್ಟಿ ಇದೆ ಅಂತಾರೆ, ಕಬ್ಬಿಣಕ್ಕೆ ಅಷ್ಟು ಆಯಸ್ಸಿಲ್ಲ. ಒಂದೊಂದು ಗೇಟೂ 60 ಅಡಿ ಅಗಲ, 20 ಅಡಿ ಎತ್ತರ. ಹಾಗಾಗಿ ಅಷ್ಟನ್ನೂ ಬದಲಾಯಿಸಬೇಕು ಅಂತಾಯಿತು. ಅದಾಗುವ ತನಕ ಪೂರ್ತಿ ತುಂಬಿಸೋದು ಬೇಡ ಅಂತ 2025ರಲ್ಲಿ 105 ಟಿಎಂಸಿ ಹಿಡಿಯೋ ಡ್ಯಾಂನಲ್ಲಿ 80ಕ್ಕೇ ನಿಲ್ಲಿಸಿದರು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಲೆಕ್ಕ ಹಾಕಿಕೊಳ್ಳಿ. ಆ ವರ್ಷ ಮಳೆಯೇನೂ ಕಮ್ಮಿ ಇರಲಿಲ್ಲ, ಹೊಳೆ ತುಂಬಿ ಮಂತ್ರಾಲಯದ ಕಡೆ ಹೋಗೋದನ್ನ ದಡದಲ್ಲಿ ನಿಂತು ನೋಡಿದ್ವಿ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಹೂಳಿಗೇ 27 ಟಿಎಂಸಿ ಕಳಕೊಂಡಿದೆ. ಅದಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಇನ್ನೊಂದು ಜಲಾಶಯ ಅಂತ ವರ್ಷಗಟ್ಟಲೆ ಕೇಳುತ್ತಿದ್ದೇವೆ. ಬಿಡಿ ಅದು.

ಗೇಟ್ ಕೂರಿಸಬೇಕು ಅಂದರೆ ನೀರು ಕೆಳಗಿಳಿಯಬೇಕು, ನೀರಿಳಿಸಿದರೆ ಬೇಸಿಗೆ ಬೆಳೆ ಇಲ್ಲ. ಎರಡನೇ ಬೆಳೆಗೆ ನೀರು ಕೊಡಲ್ಲ ಅಂತ ನೀರಾವರಿ ಸಲಹಾ ಸಮಿತಿ ತೀರ್ಮಾನ ಮಾಡಿತು. ಇಲ್ಲಿ ಅದರ ಅರ್ಥ ಏನು ಗೊತ್ತಾ? ಭತ್ತ ಇಲ್ಲ, ನಾಟಿ ಕೂಲಿ ಇಲ್ಲ, ಹುಲ್ಲಿಲ್ಲ, ರೈಸ್ ಮಿಲ್ ಹಮಾಲರಿಗೆ ಕೆಲಸ ಇಲ್ಲ. ಖಾಲಿ ಗದ್ದೆಯಲ್ಲಿ ಕುರಿ ಹಿಂಡು ನಿಲ್ಲಿಸುತ್ತಾರೆ, ಗೊಬ್ಬರ ಆಗುತ್ತೆ, ಅದೊಂದೇ ಲಾಭ. ಬಳ್ಳಾರಿ ಊರಿಗೆ ಕುಡಿಯೋ ನೀರು ಕೊಡೋ ಮೋಕಾ ಕೆರೆಯೂ ಇದೇ ಎಲ್‌ಎಲ್‌ಸಿಯಿಂದ, ಅಂದರೆ ಬಲದಂಡೆಯ ಕೆಳಮಟ್ಟದ ಕಾಲುವೆಯಿಂದ ತುಂಬಬೇಕು, ಕಾಲುವೆ ನಿಲ್ಲೋದರೊಳಗೆ.

ಗಡಿ ವಿಷಯಕ್ಕೆ ಬರ್ತೀನಿ. ಈ ಡ್ಯಾಂಗೆ ಕಟ್ಟುವಾಗಲೇ ಗಡಿ ಇತ್ತು. ಎಡಗಡೆ ಮುನಿರಾಬಾದ್ ಕಡೆ ಹೈದರಾಬಾದ್ ನಿಜಾಮರದ್ದು, ಬಲಗಡೆ ಮದ್ರಾಸಿನದ್ದು. 1953ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ನಾವು ಈ ಕಡೆ ಉಳಿದೆವು. ಬಲದಂಡೆ ಕಾಲುವೆ ಮಾತ್ರ ಎರಡೂ ಕಡೆ ಹರಿಯುತ್ತೆ. ಎಚ್‌ಎಲ್‌ಸಿ ಅನ್ನೋ ಮೇಲ್ಮಟ್ಟದ ಕಾಲುವೆಯಲ್ಲಿ 50 ಟಿಎಂಸಿ ಅಂತ ಹಂಚಿದ್ದರಲ್ಲಿ 32.5 ಅವರದು, 17.5 ನಮ್ಮದು. ಅಂದರೆ ನಮ್ಮ ಜಿಲ್ಲೆಯಲ್ಲೇ ಹರಿದರೂ ಅಷ್ಟೂ ನಮ್ಮದಲ್ಲ.

ನನ್ನ ಸೋದರಮಾವ ಆದವಾನಿ ಕಡೆಯವನು. ನೀರು ಬಿಡೋ ಕಾಲಕ್ಕೆ ದಿನಾ ಫೋನ್ ಮಾಡ್ತಾನೆ. "ಏಮ್ರಾ, ನೀಳ್ಳು ವಚ್ಚಾಯಾ?" ನಾನು ಕನ್ನಡದಲ್ಲೇ, "ಬಂದವೆ ಮಾವ, ನಿಮ್ಮ ಕಡೆ ಬರಲಿಲ್ವಾ?" ಅಂತೀನಿ. "ಮಧ್ಯದಲ್ಲಿ ನೀವೇ ಮೋಟಾರ್ ಇಟ್ಟು ಕುಡಿದ್ರೆ ನಮಗೆಲ್ಲಿ ಬರುತ್ತೆ" ಅಂತ ಬೈತಾನೆ. ಬೈಸಿಕೊಳ್ತೀನಿ, ಪೂರ್ತಿ ಸುಳ್ಳಲ್ಲ ನೋಡಿ. ನಮ್ಮ ಕೊನೇ ಭಾಗದವರೂ ನಮಗೆ ಇದೇ ಮಾತು ಅಂತಾರೆ, ನಾವು ಕಂಪ್ಲಿ ಕಡೆಯವರಿಗೆ ಅಂತೀವಿ.

ಹಾಗಾಗಿ ಎಷ್ಟು ಗೇಟ್ ಆಯಿತು ಅನ್ನೋದಕ್ಕಿಂತ ಮಳೆಗಾಲದೊಳಗೆ 33ನೇದು ಕೂರುತ್ತಾ ಅನ್ನೋದೇ ನಮ್ಮ ಪ್ರಶ್ನೆ. ಸಸಿ ಮಡಿಗೆ ಬೀಜ ಯಾವಾಗ ಚೆಲ್ಲಬೇಕು ಅನ್ನೋದು ಅದರ ಮೇಲಿದೆ. 31 ಆಗಿ ಎರಡು ಉಳಿದರೆ ಮತ್ತೆ ಅರ್ಧಂಬರ್ಧ ತುಂಬಿಸ್ತಾರೆ, ಅಲ್ವಾ?

ನೋಡೋಕೆ ಬರೋದಾದರೆ ಕಾಲುವೆ ಬತ್ತಿರುವಾಗಲೇ ಬನ್ನಿ. ಏರಿ ಮೇಲೆ ನಿಂತರೆ ಸಾಕು. ಕೆಸರಲ್ಲಿ ಹೂತ ಫುಟ್‌ವಾಲ್ವ್, ಏರಿ ಕೆಳಗೆ ತೂರಿಸಿದ ಪೈಪು, ಯಾರ ಹೊಲಕ್ಕೆ ಯಾವುದು ಹೋಗುತ್ತೆ ಅನ್ನೋದೆಲ್ಲ ಸಾಲಾಗಿ ಕಾಣುತ್ತೆ. ಅದರಲ್ಲಿ ನೀಲಿ ಬಣ್ಣದ್ದೊಂದು ನಮ್ಮಣ್ಣಂದು. ಮಾವನಿಗೆ ಹೇಳಬೇಡಿ.