ತೊಟ್ಟಿಗೆ ಶೀಟು ಹಾಕಿಸುವ ಮುಂಚೆ

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಮಗಳು ಐದು ವರ್ಷ ಬಿ.ಆರ್ಕ್. ಓದಿ ಶಿವಮೊಗ್ಗದ ಒಂದು ಆಫೀಸಿನಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಈಗ ಇಂಟೀರಿಯರ್ ಆರ್ಕಿಟೆಕ್ಚರ್ ಅಂತ ಮತ್ತೆ ಎರಡು ವರ್ಷ ಸ್ನಾತಕೋತ್ತರ ಓದುತ್ತಾಳಂತೆ. ಮನೆ ಕಟ್ಟುವುದನ್ನೇ ಕಲಿತವಳಿಗೆ ಪರದೆ, ಸೋಫಾ ಆರಿಸಲು ಇನ್ನೊಂದು ಕಾಲೇಜು ಬೇಕಾ? ನಮ್ಮ ಮನೆಯ ಕಂಬ, ಬಾಗಿಲು ಕೆತ್ತಿದ ಆಚಾರಿ ಯಾವ ಕಾಲೇಜಿಗೆ ಹೋಗಿದ್ದ? ಇದರ ಮಧ್ಯೆ, ಮಳೆಗಾಲದ ಎರಚಲು ತಾಳಲಾರದೆ ಮನೆ ನಡುವಿನ ತೆರೆದ ತೊಟ್ಟಿಯ ಮೇಲೆ ಫೈಬರ್ ಶೀಟು ಹಾಕಿಸೋಣ ಅಂದರೆ ಅದೂ ಬೇಡ ಅಂತ ಹಟ ಹಿಡಿದಿದ್ದಾಳೆ. ದಯವಿಟ್ಟು ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ. ಪತ್ರವನ್ನು ಮೂರು ಸಲ ಓದಿದೆ. ನೀವು "ಇದರ ಮಧ್ಯೆ" ಅಂತ ಕೊನೆಗೆ ಸೇರಿಸಿದ ಸಾಲೇ ನನಗೆ ಪತ್ರದ ಮುಖ್ಯ ಸಾಲಾಗಿ ಕಂಡಿತು. ಶೀಟಿನ ಜಗಳ, ಓದಿನ ಜಗಳ ಅಂತ ನಿಮ್ಮ ಮನೆಯಲ್ಲಿ ಎರಡು ಜಗಳ ನಡೆಯುತ್ತಿದೆ ಅಂದುಕೊಂಡಿದ್ದೀರಿ. ನನಗೆ ಕಾಣುವುದು ಒಂದೇ.

ಯಾಕೆ ಅನ್ನುವುದಕ್ಕೆ ನನ್ನದೇ ಕಥೆ ಹೇಳುತ್ತೇನೆ. ಹೊಸನಗರದ ಹತ್ತಿರ ನಮ್ಮದೂ ಒಂದು ಹಳೇ ತೊಟ್ಟಿ ಮನೆ ಇದೆ. ಹದಿನಾಲ್ಕು ವರ್ಷದ ಹಿಂದೆ ಅದನ್ನು "ಚೂರು ಸರಿ ಮಾಡಿಸೋಣ" ಅಂತ ಹೊರಟೆ. ಪೇಟೆಯ ಗುತ್ತಿಗೆದಾರರೊಬ್ಬರು ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಿದರು, ನಾನು ಮರುಳಾದೆ. ಹಂಚಿನ ಮಾಡಿನ ಕೆಳಗೆ ಬಿಳೀ ಪಿಒಪಿ ಸೀಲಿಂಗ್ ಬಂತು. ತೊಟ್ಟಿಯ ಮೇಲೆ ಶೀಟು ಬಂತು, ಸಂದಿಲ್ಲದ ಹಾಗೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು, ಕಾವಿ ನೆಲದ ಮೇಲೆ ಹೊಳೆಯುವ ಟೈಲ್ಸು. ಅಡುಗೆಮನೆಯ ಸೌದೆ ಒಲೆ ಕಿತ್ತು ಗ್ಯಾಸು ಇಟ್ಟೆವು. ಮೊದಲ ವರ್ಷ ಬಂದ ನೆಂಟರೆಲ್ಲ ಹೊಗಳಿದರು.

ಎರಡನೇ ಮಳೆಗಾಲದಲ್ಲಿ ನೆಲ ಬೆವರತೊಡಗಿತು. ಒರೆಸಿದಷ್ಟೂ ಒದ್ದೆ. ಮೂರನೆಯದರಲ್ಲಿ ಗೋಡೆಯ ಬುಡದಿಂದ ಎದೆಮಟ್ಟದವರೆಗೆ ಗಿಲಾವು ಉಬ್ಬಿ ಉದುರಿತು, ಕಪಾಟಿನೊಳಗಿನ ರೇಷ್ಮೆ ಸೀರೆಗೆ ಬೂಷ್ಟು. ಒಂದು ಮಧ್ಯಾಹ್ನ ಅಮ್ಮನ ಮಂಚದ ಮೇಲೆ ಸೀಲಿಂಗಿನ ಮೊರದಗಲದ ತುಂಡು ಬಿತ್ತು. ಪುಣ್ಯಕ್ಕೆ ಆಗ ಅವರು ಜಗಲಿಯಲ್ಲಿ ವೀಳ್ಯದೆಲೆ ಒರೆಸುತ್ತ ಕೂತಿದ್ದರು. ಏಣಿ ಹಾಕಿ ಹತ್ತಿ ನೋಡಿದೆ. ನೂರು ವರ್ಷ ಮಿಸುಕದೆ ನಿಂತಿದ್ದ, ಮಾಡಿನ ಇಳಿಜಾರಿನ ಮರವಾದ ಪಕಾಸಿಗೆ ಹೆಬ್ಬೆರಳು ಒತ್ತಿದರೆ ಬೆರಳು ಒಳಗೆ ಹೋಯಿತು, ಹಳೇ ಬ್ರೆಡ್ಡಿಗೆ ಒತ್ತಿದ ಹಾಗೆ. ಊರಿನ ಮುದಿ ಆಚಾರಿ ಬಂದು ಉಳಿಯ ತುದಿಯಿಂದ ಅಲ್ಲಲ್ಲಿ ಕೆದಕಿ ನೋಡಿ ಕೆಳಗಿಳಿದರು. "ಹೊಗೆ ಬಿಡಿಸಿದಿರಿ, ಗಾಳಿ ಕಟ್ಟಿದಿರಿ. ಮರ ಏನ್ ಮಾಡ್ತದೆ ಮಾರಾಯ್ರೆ?" ಅಂದರು.

ಅವರು ಹೇಳಿದ್ದನ್ನು ಬಿಡಿಸಿ ಹೇಳಬೇಕೆಂದರೆ ಇಷ್ಟು. ನಮ್ಮ ಮಂಗಳೂರು ಹಂಚು ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಮಲೆನಾಡಿಗೆ ಬಂದದ್ದು. ಅದನ್ನು ರೀಪಿನ, ಅಂದರೆ ಮರದ ಅಡ್ಡಪಟ್ಟಿಗಳ ಮೇಲೆ ಒಂದಕ್ಕೊಂದು ಕೊಕ್ಕೆ ಹಾಕಿದಂತೆ ಹೊದಿಸುತ್ತಾರೆ, ಗಾರೆ ಮೆತ್ತುವುದಿಲ್ಲ. ನೀರು ಜಾರುತ್ತದೆ, ಗಾಳಿ ನುಸುಳುತ್ತದೆ. ಒಲೆಯ ಹೊಗೆ ಅಟ್ಟಕ್ಕೇರಿ, ತೊಲೆ, ಪಕಾಸು, ರೀಪುಗಳನ್ನೆಲ್ಲ ಸವರಿಕೊಂಡು ಆ ಸಂದುಗಳಿಂದಲೇ ಆಚೆ ಹೋಗುತ್ತಿತ್ತು. ದಿನಾ ಎರಡು ಹೊತ್ತು ಶಾಖ, ಹೊಗೆ. ಮರ ಒಣಗಿರುತ್ತಿತ್ತು, ಒರಲೆ ಹತ್ತಿರ ಸುಳಿಯುತ್ತಿರಲಿಲ್ಲ, ಅಟ್ಟದ ಮೇಲಿನ ಅಡಿಕೆ, ಮೆಣಸೂ ಕೆಡುತ್ತಿರಲಿಲ್ಲ. ಮಣ್ಣಿನ ಗೋಡೆ ಕುಡಿದ ತೇವವನ್ನು ಬಿಸಿಲು ಬಂದಾಗ ಬಿಟ್ಟುಕೊಡುತ್ತಿತ್ತು. ಸಿಮೆಂಟು ಅದರ ಬಾಯಿ ಮುಚ್ಚಿತು. ಮನೆಯೊಳಗಿನ ಬಿಸಿ ಗಾಳಿ ಮೇಲೇರಿ ಹೋಗಲು ಇದ್ದ ದಾರಿ ತೊಟ್ಟಿ, ಅದನ್ನೂ ಮುಚ್ಚಿದೆವು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಇದ್ದುಕೊಂಡು!

ಆ ಗುತ್ತಿಗೆದಾರರು ಮೋಸಗಾರರಲ್ಲ. ಅವರು ಮಾಡಿದ ಐದು ಕೆಲಸಗಳಲ್ಲಿ ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಅಪರಾಧವಲ್ಲ. ಒಲೆಗೂ ಪಕಾಸಿಗೂ, ತೊಟ್ಟಿಗೂ ಸೀರೆಗೂ ಏನು ಸಂಬಂಧ ಅಂತ ನೋಡಬೇಕಾದವರು ಯಾರೂ ಇರಲಿಲ್ಲ, ಅಷ್ಟೆ. ಆ ಸಂಬಂಧ ನೋಡುವುದೇ ನಿಮ್ಮ ಮಗಳು ಓದಬೇಕೆಂದಿರುವ ವಿಷಯ.

ಪರದೆ, ಸೋಫಾ, ಗೋಡೆಯ ಬಣ್ಣ ಇವೆಲ್ಲ ಅಲಂಕಾರ. ಅದೂ ಒಂದು ವಿದ್ಯೆ, ಹಗುರಾಗಿ ಕಾಣುವುದು ಬೇಡ. ಇಂಟೀರಿಯರ್ ಆರ್ಕಿಟೆಕ್ಚರಿನವರು ಕೈ ಹಾಕುವುದು ಕಟ್ಟಡದ ಹೊಟ್ಟೆಗೆ. ಆಗಲೇ ನಿಂತಿರುವ ಕಟ್ಟಡದಲ್ಲಿ ಯಾವ ಗೋಡೆ ಭಾರ ಹೊತ್ತಿದೆ, ಯಾವುದನ್ನು ತೆಗೆಯಬಹುದು, ಬೆಳಕು ಎಲ್ಲಿಂದ ತರಬಹುದು, ಕತ್ತಲೆ ಕೋಣೆಯಲ್ಲಿ ಬಚ್ಚಲು ಮಾಡಿದರೆ ನೀರಿನ ಕೊಳವೆ ಎಲ್ಲಿ ಹಾಯಬೇಕು, ಹತ್ತು ಜನ ತಂಗುವ ಹೋಂಸ್ಟೇ ಮಾಡಿದರೆ ಬೆಂಕಿ ಬಿದ್ದಾಗ ಯಾವ ದಾರಿಯಲ್ಲಿ ಓಡಬೇಕು, ಇಂಥವು. ಅಕ್ಕಿ ಗಿರಣಿಯನ್ನು ಗ್ರಂಥಾಲಯ ಮಾಡುವುದು, ಗೋದಾಮನ್ನು ಕ್ಲಿನಿಕ್ ಮಾಡುವುದು. ಲಂಡನ್ನಿನಲ್ಲಿ ಥೇಮ್ಸ್ ದಡದ ವಿದ್ಯುತ್ ಸ್ಥಾವರವೊಂದು 2000ದಲ್ಲಿ ಟೇಟ್ ಮಾಡರ್ನ್ ಎಂಬ ಕಲಾ ಸಂಗ್ರಹಾಲಯವಾಯಿತಲ್ಲ, ಆ ಜಾತಿಯ ಕೆಲಸ. ಅಷ್ಟು ದೂರ ಯಾಕೆ, ನಿಮ್ಮ ತಾಲ್ಲೂಕಿನ ಕುಪ್ಪಳಿಯ ಕವಿಮನೆಯನ್ನೇ ನೋಡಿ. ಒಂದು ಮನೆತನ ಬಾಳಿದ ಮೂರಂತಸ್ತಿನ ತೊಟ್ಟಿ ಮನೆಯೊಳಗೆ ಇವತ್ತು ಊರೂರಿನ ಜನ ಚಪ್ಪಲಿ ಬಿಟ್ಟು ಹತ್ತಿ ಇಳಿದು ಓಡಾಡುತ್ತಾರೆ. ಮನೆ ಮನೆಯಾಗಿಯೇ ಕಾಣಬೇಕು, ಸಂಗ್ರಹಾಲಯದ ಕೆಲಸವನ್ನೂ ಮಾಡಬೇಕು. ಮುಂದಿನ ಸಲ ಹೋದಾಗ ವಸ್ತುಗಳನ್ನು ಬಿಟ್ಟು ಬೆಳಕು ಎಲ್ಲಿಂದ ಬೀಳುತ್ತದೆ ಅಂತ ಮಾತ್ರ ನೋಡಿ.

ಇನ್ನು ಆಚಾರಿಯ ಮಾತು. ನೀವು ಕೇಳಿದ್ದು ಸರಿಯಾಗಿಯೇ ಇದೆ. ಈ ವಿಷಯ ಓದುವವರೆಲ್ಲ ಹೆಸರು ಕೇಳಿರುವ ಇಟಲಿಯ ಕಾರ್ಲೊ ಸ್ಕಾರ್ಪಾ ಆರ್ಕಿಟೆಕ್ಟರ ಪರವಾನಗಿ ಪರೀಕ್ಷೆಗೆ ಕೂರಲೇ ಇಲ್ಲ. ಪರವಾನಗಿ ಇಲ್ಲದೆ ಕೆಲಸ ಮಾಡುತ್ತಾನೆ ಅಂತ ಆತನ ಮೇಲೆ ಕೇಸೂ ಆಗಿತ್ತು. ಬಡಗಿಗಳು, ಕಮ್ಮಾರರ ಜೊತೆ ಕೂತು ಗೀಚಿ ಗೀಚಿ ಕೆಲಸ ಮಾಡಿಸುತ್ತಿದ್ದವನು. ವೆರೋನಾ ಊರಿನ ಕ್ಯಾಸ್ಟೆಲ್‌ವೆಕ್ಕಿಯೊ ಎಂಬ ಹಳೇ ಕೋಟೆಯನ್ನು ಆತ ಸಂಗ್ರಹಾಲಯವಾಗಿ ರೂಪಿಸಿದ. ಅಲ್ಲಿ ಹೊಸದಾಗಿ ಹಾಕಿದ ನೆಲ ಹಳೇ ಗೋಡೆಯನ್ನು ಮುಟ್ಟುವುದಿಲ್ಲ. ನಡುವೆ ಒಂದು ಸಂದು ಬಿಟ್ಟಿದ್ದಾನೆ. ಹಳತು ಎಲ್ಲಿ ಮುಗಿಯಿತು, ಹೊಸತು ಎಲ್ಲಿ ಶುರುವಾಯಿತು ಅಂತ ಕಣ್ಣಿಗೇ ತಿಳಿಯುತ್ತದೆ. ನಾನು ಕಾವಿ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಟೈಲ್ಸು ಅಂಟಿಸಿದ್ದು ನೆನಪಾದಾಗಲೆಲ್ಲ ಆ ಸಂದು ನನ್ನನ್ನು ಅಣಕಿಸುತ್ತದೆ.

ಅಂದರೆ ಓದೇ ಬೇಡ ಅಂತಲ್ಲ. ಆಚಾರಿಗೆ ಗೊತ್ತಿದ್ದದ್ದು ಒಂದು ಬಗೆಯ ಮನೆ, ಒಂದು ಬಗೆಯ ಬದುಕು. ಆ ಮನೆಯಲ್ಲಿ ಫ್ರಿಜ್ಜು, ಇನ್ವರ್ಟರು, ಕೋಣೆಗೊಂದು ಬಚ್ಚಲು ಇರಲಿಲ್ಲ. ಹೊಗೆ ಬೇಕು ಅಂತ ನಿಮ್ಮ ಹೆಂಡತಿಯನ್ನು ಮತ್ತೆ ಊದುಗೊಳವೆ ಹಿಡಿಸಿ ಒಲೆ ಮುಂದೆ ಕೂರಿಸಲಾಗುತ್ತದೆಯೇ? ಹೊಗೆ ಇಲ್ಲದೆಯೂ ಮಾಡು ಒಣಗಿರಲು ಏನು ಮಾಡಬೇಕು ಅನ್ನುವುದು ಹೊಸ ಪ್ರಶ್ನೆ. ಅದಕ್ಕೆ ಆಚಾರಿಯ ಉಳಿಯೂ ಬೇಕು, ನಿಮ್ಮ ಮಗಳ ಲೆಕ್ಕವೂ ಬೇಕು.

ವ್ಯವಹಾರದ ಮಾತು ಸ್ವಲ್ಪ. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಬಹುದು. ಹಾಗೆ ನೋಂದಾಯಿಸಿಕೊಳ್ಳುವ ಅರ್ಹತೆ ಬಿ.ಆರ್ಕ್. ಮಾಡಿದ ನಿಮ್ಮ ಮಗಳಿಗೆ ಈಗಾಗಲೇ ಇದೆ, ಹೊಸ ಪದವಿಯಿಂದ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಹಾಗಾಗಿ ಬೋರ್ಡಿನಲ್ಲಿ ಇನ್ನೆರಡು ಅಕ್ಷರ ಸೇರಲಿ ಅಂತ ಓದುವುದಾದರೆ ಬೇಡ ಅನ್ನುತ್ತೇನೆ. ಓದುವುದೇ ಆದರೆ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ನೋಡಲಿ, 1962ರಲ್ಲಿ ಬಿ.ವಿ. ದೋಶಿಯವರು ಕಟ್ಟಿದ ಆರ್ಕಿಟೆಕ್ಚರ್ ಶಾಲೆಯಿಂದ ಬೆಳೆದದ್ದು. ಅದೇ ಊರಿನ ಎನ್‌ಐಡಿಯಲ್ಲಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಪೀಠೋಪಕರಣ ಮತ್ತು ಒಳಾಂಗಣದ ಎಂ.ಡೆಸ್., ಅಂದರೆ ವಿನ್ಯಾಸದ ಸ್ನಾತಕೋತ್ತರ ಪದವಿ ಇದೆ, ಡ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಐಐಟಿ ಬಾಂಬೆ ನಡೆಸುವ ಸೀಡ್ ಪರೀಕ್ಷೆಯ ಬಗ್ಗೆ ಯಾರಾದರೂ ಹೇಳಿಯಾರು. ಅದರಿಂದ ಐಐಟಿಗಳಲ್ಲಿ ಸಿಗುವ ಎಂ.ಡೆಸ್. ಹೆಚ್ಚಾಗಿ ವಸ್ತು ವಿನ್ಯಾಸ, ಸಂವಹನ ಮುಂತಾದವು, ಇವಳ ವಿಷಯವಲ್ಲ. ವಿದೇಶದಲ್ಲಿ ಮಿಲಾನಿನ ಪಾಲಿಟೆಕ್ನಿಕೊ, ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್. ಎರಡನೆಯದರಲ್ಲಿ ಹಳೇ ಕಟ್ಟಡದ ಮರುಬಳಕೆಯೇ ಕಲಿಕೆಯ ಕೇಂದ್ರ. ಎಲ್ಲೇ ಆಗಲಿ, ಮರಗೆಲಸದ ಶೆಡ್ಡು ಇದೆಯೇ, ವಿದ್ಯಾರ್ಥಿಗಳ ಕೈಗೆ ಧೂಳು ಹತ್ತಿದೆಯೇ ಅಂತ ವಿಚಾರಿಸಿ. ಬರೀ ಕಂಪ್ಯೂಟರಿನಲ್ಲಿ ಚಿತ್ರ ಮಾಡಿಸುವ ಕಡೆ ಲಕ್ಷಗಟ್ಟಲೆ ಸುರಿಯಬೇಡಿ. ಆ ಚಿತ್ರಗಳಿಂದ ನಾನು ಸುಟ್ಟುಕೊಂಡಿದ್ದೇನೆ.

ಸಾಲ ಮಾಡಿ ಓದಿಸಬೇಕೇ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಈ ವರ್ಷವೇ ಬೇಡ. ಸಾಗರ, ಹೊಸನಗರ, ಕೊಪ್ಪದ ಕಡೆ ಹಳೇ ಮನೆ ಹೋಂಸ್ಟೇ ಆಗುವುದನ್ನು ದಿನಾ ನೋಡುತ್ತಿದ್ದೇನೆ, ಕೆಲಸಕ್ಕೇನೂ ಬರವಿಲ್ಲ. ಆದರೆ ಇಂಥ ಕಡೆ ಸೀಟು ಕೊಡುವವರು ಅಂಕಪಟ್ಟಿಗಿಂತ ಮಾಡಿದ ಕೆಲಸದ ಕಡತ (ಪೋರ್ಟ್‌ಫೋಲಿಯೊ) ನೋಡುತ್ತಾರೆ, ನಿನ್ನ ಪ್ರಶ್ನೆ ಏನಮ್ಮ ಅಂತ ಕೇಳುತ್ತಾರೆ. ಅವಳಿಗೆ ಆ ಪ್ರಶ್ನೆ ಮನೆಯಲ್ಲೇ ಸಿಕ್ಕಿದೆ.

ಶೀಟಿನ ವಿಷಯದಲ್ಲಿ ನಾನು ಪೂರ್ತಿ ಅವಳ ಪರವೂ ಅಲ್ಲ. ಆಷಾಢದಲ್ಲಿ ಎರಚಲು ಹೊಡೆದು ಜಗಲಿ ಪಾಚಿಗಟ್ಟಿದರೆ ಜಾರಿ ಬೀಳುವವರು ನೀವು, ನಿಮ್ಮ ಮನೆಯವರು. "ಹಳೆಯದು, ಹಾಗೇ ಇರಲಿ" ಅನ್ನುವುದು ಪೇಟೆಯಲ್ಲಿ ಇರುವವರಿಗೆ ಸುಲಭ. ಮಾಡಿನಿಂದ ಎರಡಡಿ ಎತ್ತರಿಸಿ, ನಾಲ್ಕೂ ಕಡೆ ಗಾಳಿಗೆ ಬಿಟ್ಟು ಶೀಟು ನಿಲ್ಲಿಸಬಹುದೇ? ಆಗ ಗಾಳಿಮಳೆಗೆ ಅದು ಹಾರದಂತೆ ಹಿಡಿಯುವುದು ಹೇಗೆ, ನೀರು ಯಾವ ದೋಣಿಗೆ ಇಳಿಯಬೇಕು, ತುಳಸಿಗೆ ಬಿಸಿಲು ಎಷ್ಟು ಹೊತ್ತು ಸಿಗುತ್ತದೆ? ಬೇಡ ಅನ್ನುವುದರ ಬದಲು ಇದನ್ನೆಲ್ಲ ಅವಳು ಬರೆದು ತೋರಿಸಲಿ. ಮೊದಲು ಮನೆಯನ್ನು ಅಟ್ಟದಿಂದ ಬಚ್ಚಲವರೆಗೆ, ಪ್ರತಿ ಕಂಬ, ಬೋದಿಗೆ ಬಿಡದೆ ಅಳೆದು ನಕ್ಷೆ ಮಾಡಲಿ. ಅಟ್ಟದ ಮರ ಎಲ್ಲೆಲ್ಲಿ ಮೆತ್ತಗಾಗಿದೆ ಅಂತ ಗುರುತು ಹಾಕಲಿ. ಒಂದು ಮಳೆಗಾಲ ಪೂರ್ತಿ ಎರಚಲು ಎಲ್ಲಿಯವರೆಗೆ ಬರುತ್ತದೆ ಅಂತ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಲಿ. ಅಹಮದಾಬಾದಿಗೆ ಕಳಿಸುವ ಕಡತ ಅದೇ ಆಗುತ್ತದೆ.

ಟೇಪಿನ ಇನ್ನೊಂದು ತುದಿ ಹಿಡಿಯಲು ಅವಳಿಗೆ ಜನ ಬೇಕು. ಭಾನುವಾರ ನೀವೇ ಹಿಡಿಯಿರಿ. ಐದು ಮೀಟರಿನ ಟೇಪು ತರಬೇಡಿ, ತೊಟ್ಟಿ ಮನೆಗೆ ಸಾಲದು. ಮೂವತ್ತು ಮೀಟರಿನದು ಶಿವಮೊಗ್ಗದ ಗಾಂಧಿ ಬಜಾರಿನ ಕಡೆ ಸಿಗುತ್ತದೆ.