ಬಡ ದೇಶಗಳಲ್ಲಿ ಮನೆಗೆ ಕರೆಂಟ್ ಬಂದರೆ ಆದಾಯ ಹೆಚ್ಚುತ್ತದೆಯೇ?

ಹೆಚ್ಚಬಹುದು, ಆದರೆ ಬಲ್ಬ್ ಉರಿದ ಮಾತ್ರಕ್ಕಲ್ಲ. ದೀಪ, ಮೊಬೈಲ್ ಚಾರ್ಜು, ಟಿವಿ ಇಷ್ಟಕ್ಕೇ ಬಳಸಿದರೆ ಸೀಮೆಎಣ್ಣೆ ಖರ್ಚು ಉಳಿಯುತ್ತದೆ, ಗಳಿಕೆ ಅಷ್ಟೇನೂ ಏರುವುದಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯ. ವರ್ಣಭೇದ ನೀತಿ ಕೊನೆಗೊಂಡ ಮೇಲೆ ಅಲ್ಲಿನ ಹಳ್ಳಿಗಳಿಗೆ ಭರದಿಂದ ಲೈನ್ ಎಳೆದರು. ಅರ್ಥಶಾಸ್ತ್ರಜ್ಞೆ ಟ್ಯಾರಿನ್ ಡಿಂಕೆಲ್‌ಮನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕರೆಂಟ್ ಬಂದ ಕಡೆ ಪ್ರತಿ ನೂರು ಹೆಂಗಸರಲ್ಲಿ ಕೆಲಸಕ್ಕೆ ಹೋಗುವವರು ಸುಮಾರು 9 ಮಂದಿ ಹೆಚ್ಚಾದರು. ಕರೆಂಟ್ ಒಲೆ ಬಂದು ಸೌದೆ ಬಳಕೆ ಇಳಿಯಿತು; ಮನೆಗೆಲಸದಲ್ಲಿ ಉಳಿದ ಹೊತ್ತು ದುಡಿಮೆಗೆ ಸಿಕ್ಕಿತು. ಆದರೆ ಹೆಂಗಸರ ಕೂಲಿ ದರ ಏರಲಿಲ್ಲ. ಕೆಲಸ ಕೇಳುವವರು ಹೆಚ್ಚಾದರೆ ದರ ಏರುವುದಾದರೂ ಹೇಗೆ?

ಪಶ್ಚಿಮ ಕೆನ್ಯಾದ ಕಥೆ ಬೇರೆ. ಅಲ್ಲಿ ಚೀಟಿ ಎತ್ತಿದಂತೆ ಊರುಗಳನ್ನು ಆರಿಸಿ ಸಬ್ಸಿಡಿಯಲ್ಲಿ ಸಂಪರ್ಕ ಕೊಟ್ಟು ನೋಡಿದಾಗ, ಮನೆಗಳ ಆರ್ಥಿಕ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಬಡ ಮನೆಯವರು ಮಿಕ್ಸಿ, ಮೋಟಾರು ಕೊಳ್ಳಲು ದುಡ್ಡು ಎಲ್ಲಿಂದ ತರಬೇಕು?

ನಮ್ಮಲ್ಲೂ 2005ರಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆಯಿಂದ ಸಣ್ಣ ಹಳ್ಳಿಗಳಿಗೆ ಆದ ಆರ್ಥಿಕ ಲಾಭ ಕಡಿಮೆ, ದೊಡ್ಡ ಹಳ್ಳಿಗಳಿಗೆ ಹೆಚ್ಚು ಎಂಬುದು ಸಂಶೋಧಕರ ಲೆಕ್ಕ. ಹಿಟ್ಟಿನ ಗಿರಣಿಗೆ, ವೆಲ್ಡಿಂಗ್ ಅಂಗಡಿಗೆ ಗಿರಾಕಿ ಬೇಕು, ಸರಕು ಸಾಗಿಸಲು ರಸ್ತೆ ಬೇಕು. ಜೊತೆಗೆ ವೋಲ್ಟೇಜ್ ಸರಿಯಿರಬೇಕು. ಪಂಪ್‌ಸೆಟ್ ಸುಟ್ಟುಹೋದರೆ ರಿವೈಂಡಿಂಗ್ ಖರ್ಚೇ ಲಾಭವನ್ನು ನುಂಗುತ್ತದೆ.